ಮುಖ ಕತ್ತರಿಸಿದ ಪೋಸ್ಟರುಗಳು

ಕ್ಲಿಕ್!

ಆ ಸಣ್ಣ ಸದ್ದಿಗೆ ಸಿದಾಲಿಯಾಳ ಮಾತು ಅರ್ಧಕ್ಕೇ ನಿಂತುಹೋಯಿತು.

ಲಿಸ್ಬನ್ನಿನ ಕಾರ್ಮು ಇಗರ್ಜಿಯ ನಡುವೆ, ಪ್ರವಾಸಿಗರ ಗುಂಪಿನೆದುರು ಗೈಡಾಗಿ ಆಕೆ ನಿಂತಿದ್ದಳು. ಆ ಹಳೆಯ ಚರ್ಚಿಗೆ ಛಾವಣಿಯಿಲ್ಲ. ಯಾವ ಕಾಲದಲ್ಲೋ ಭೂಕಂಪಕ್ಕೆ ಕುಸಿದುಬಿದ್ದದ್ದನ್ನು ಊರಿನವರು ಹಾಗೆಯೇ ಬಿಟ್ಟಿದ್ದಾರೆ. ತಲೆಯ ಮೇಲೆ ಬರೀ ಕಲ್ಲಿನ ಕಮಾನುಗಳು, ಅವುಗಳ ನಡುವೆ ನವೆಂಬರಿನ ಬೂದು ಆಕಾಶ.

"ಯಾರು ಫೋಟೋ ತೆಗೆದದ್ದು?" ಅವಳ ದನಿ ಕಲ್ಲುಗಳಿಗೆ ಬಡಿದು ಮರಳಿತು.

ಕಂಬದ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ ಯುವಕನೊಬ್ಬ ಮೆಲ್ಲನೆ ಎದ್ದು ನಿಂತ. ಕೊರಳಲ್ಲಿ ಕ್ಯಾಮೆರಾ. ಮುಖದಲ್ಲಿ ಗಾಬರಿ.

"ನಾನೇ... ಕ್ಷಮಿಸಿ. ಬೆಳಕು ಚೆನ್ನಾಗಿತ್ತು."

"ಅಳಿಸಿ."

"ನಿಮ್ಮ ಪ್ರವಾಸ ಕಂಪನಿಯವರೇ ನನ್ನನ್ನ ಕಳಿಸಿದ್ದು ಮೇಡಂ. ಚಳಿಗಾಲದ ಜಾಹೀರಾತಿಗೆ ಅಂತ..."

"ಅಳಿಸಿ ಅಂದೆ! ನನ್ನ ಕಣ್ಣೆದುರೇ!"

ಅವನು ಅವಳ ಮುಖ ನೋಡಿದ. ಹತ್ತಿರ ಬಂದು, ಅವಳಿಗೆ ಕಾಣುವಂತೆಯೇ ಚಿತ್ರ ಅಳಿಸಿದ.

"ನೋಡಿ, ಹೋಯ್ತು. ಈಗ ಬರೀ ಕಂಬ ಇದೆ. ಕಂಬದ್ದೇನೂ ತಕರಾರಿಲ್ಲ ತಾನೆ?"

ಗುಂಪಿನಲ್ಲಿ ಯಾರೋ ನಕ್ಕರು. ಸಿದಾಲಿಯಾ ನಗಲಿಲ್ಲ.

ಪ್ರವಾಸ ಮುಗಿದ ಮೇಲೆ ಟಿಕೆಟ್ ಕಿಟಕಿಯಲ್ಲಿ ಕೂರುವ, ಎಲ್ಲರೂ ಗೌರವದಿಂದ ‘ದೋನಾ’ ಎನ್ನುವ ಜಿಲ್ದಾ ಅವಳನ್ನು ಕರೆದು ಬಿಸಿ ಕಾಫಿ ಕೊಟ್ಟಳು. ಈ ಊರಿನಲ್ಲಿ ಸಿದಾಲಿಯಾಳ ಕಥೆ ಪೂರ್ತಿ ಗೊತ್ತಿದ್ದದ್ದು ಆ ಮುದುಕಿಗೊಬ್ಬಳಿಗೇ.

"ಆ ಹುಡುಗನ ಹೆಸರು ದುವಾರ್ತೆ ಅಂತೆ. ಪಾಪದವನು. ಅವನ ಕಣ್ಣಲ್ಲಿ ಕೆಟ್ಟದ್ದೇನೂ ಕಾಣ್ಲಿಲ್ಲ ಮಗಳೇ."

"ಅರ್ಮಾಂದುವಿನ ಕಣ್ಣಲ್ಲೂ ಏನೂ ಕಾಣ್ತಿರ್ಲಿಲ್ಲ ದೋನಾ ಜಿಲ್ದಾ..."

ಮುದುಕಿ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು.

ಅರ್ಮಾಂದು! ಆ ಹೆಸರು ಬಾಯಿಗೆ ಬಂದರೆ ಸಾಕು, ಸಿದಾಲಿಯಾಳ ಎಡ ಮಣಿಕಟ್ಟು ನೋಯತೊಡಗುತ್ತಿತ್ತು.

ದೂರದ ಬೆಟ್ಟದೂರು ಗ್ವಾರ್ದಾದಲ್ಲಿ ಅವನು ಅವಳ ಗಂಡನಾಗಿದ್ದ. ಊರಿನವರ ಬಾಯಲ್ಲಿ ಬಂಗಾರದಂಥ ಮನುಷ್ಯ. ಒಂದು ದಿನವೂ ದನಿ ಏರಿಸಿದವನಲ್ಲ. ಕೋಪ ಬಂದಾಗ ಮೊದಲು ಕೈಗಡಿಯಾರ ಬಿಚ್ಚುತ್ತಿದ್ದ. ಗಾಜು ಒಡೆಯಬಾರದೆಂದು ಅದನ್ನು ಜೋಪಾನವಾಗಿ ಮೇಜಿನ ಮೇಲಿಡುತ್ತಿದ್ದ.

ಆಮೇಲೆ...

ಮಣಿಕಟ್ಟು ಮುರಿದ ವಾರವೇ ಅವಳು ಬೆಳಗಿನ ಬಸ್ಸು ಹತ್ತಿ ರಾಜಧಾನಿಗೆ ಬಂದಿದ್ದಳು. ಅವಳ ಹತ್ತಿರ ಸುಳಿಯಕೂಡದೆಂದು ಕೋರ್ಟು ಅವನಿಗೆ ಆದೇಶ ಮಾಡಿತ್ತು. ಆದರೆ ಕೋರ್ಟಿನ ಆದೇಶವೇನು ಬಾಗಿಲಿಗೆ ಹಾಕುವ ಚಿಲಕವೇ? ಅದಕ್ಕೇ ಅವಳು ಗೈಡ್ ಕೆಲಸ ಹಿಡಿದದ್ದು. ದಿನವಿಡೀ ಸುತ್ತ ಜನ ಇರುತ್ತಾರೆ, ಅದೂ ಪರದೇಶದ ಜನ. ಗ್ವಾರ್ದಾದ ಪರಿಚಿತರು ಯಾರೂ ಕೋಟೆ, ಮ್ಯೂಸಿಯಂ ಅಂತ ಅವಳ ಹಿಂದೆ ಅಲೆಯಲು ಬರುವುದಿಲ್ಲ.

ಒಂದೇ ಒಂದು ಎಚ್ಚರ. ಅವಳ ಮುಖ ಎಲ್ಲೂ ಕಾಣಬಾರದು.

*

ಮರುದಿನವೂ ದುವಾರ್ತೆ ಬಂದ. ಅದರ ಮರುದಿನವೂ. ಕೋಟೆಗೆ, ನದಿಯಂಚಿನ ಗೋಪುರಕ್ಕೆ, ರಾಜರ ಸಾರೋಟುಗಳನ್ನಿಟ್ಟ ಮ್ಯೂಸಿಯಮ್ಮಿಗೆ. ಜಾಹೀರಾತಿನ ಕೆಲಸವಾದ್ದರಿಂದ ಬರಲೇಬೇಕಿತ್ತು. ಆದರೆ ಅವಳು ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಕ್ಯಾಮೆರಾ ಕೆಳಗಿಳಿಸುತ್ತಿದ್ದ.

ಅವಳು ಅದನ್ನು ಗಮನಿಸಿದಳು. ಗಮನಿಸಲಿಲ್ಲವೆಂಬಂತೆ ಇದ್ದಳು.

"ಒಂದು ಮಾತು ಹೇಳ್ಲಾ?" ಒಂದು ಸಂಜೆ ಅವನು ಬೀದಿಯಂಚಿನಲ್ಲಿ ಸುಟ್ಟ ಚೆಸ್ಟ್‌ನಟ್ ಬೀಜ ಕೊಂಡು ಅವಳತ್ತ ಪೊಟ್ಟಣ ಚಾಚಿದ. "ನೀವು ಹೇಳೋ ರಾಜರೆಲ್ಲಾ ಒಂದೇ ಥರ. ಹುಟ್ಟಿದ್ರು, ಕಟ್ಟಿಸಿದ್ರು, ಸತ್ರು!"

"ಮತ್ತೇನು, ಅವರಿಗೆ ನಾನು ಹೊಸ ಕಸುಬು ಕಲಿಸ್ಲಾ?"

ಹೇಳಿಬಿಟ್ಟ ಮೇಲೆ ಅವಳಿಗೇ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು. ತನ್ನದೇ ನಗುವಿಗೆ ಅವಳು ಬೆಚ್ಚಿದಳು!

ಕ್ರಿಸ್ಮಸ್ ಹತ್ತಿರವಾದಾಗ ‘ನೀವು’ ಹೋಗಿ ‘ನೀನು’ ಆಗಿತ್ತು. ಗ್ರಾಸಾ ಗುಡ್ಡದ ಮೇಲಿನ ಕಟ್ಟೆಯಲ್ಲಿ ಕೂತು, ಕೆಳಗೆ ಹರಡಿದ ಕೆಂಪು ಹೆಂಚುಗಳನ್ನು ನೋಡುತ್ತಾ, ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಗಂಡ, ಗಡಿಯಾರ, ಮಣಿಕಟ್ಟು, ಬಸ್ಸು...

ಕೊನೆಗೆ ಅವನು ಕೇಳಿದ್ದೊಂದೇ.

"ಆ ಕೈ ಈಗಲೂ ನೋಯುತ್ತಾ?"

"ಚಳಿಗೆ."

ಅವನು ಬಿಸಿ ಚೆಸ್ಟ್‌ನಟ್ ಪೊಟ್ಟಣವನ್ನು ಆ ಕೈಯಲ್ಲಿಟ್ಟ.

ಸಿದಾಲಿಯಾ ಅವನ ಮುಖ ನೋಡಿದಳು. ‘ಇವನನ್ನ ನಂಬಬಹುದಾ? ನಂಬಿಬಿಡ್ಲಾ?’

"ಒಂದು ಫೋಟೋ ತೆಗಿ" ಅಂದಳು ಇದ್ದಕ್ಕಿದ್ದಂತೆ. "ನನ್ನ ಮುಖ ಹೇಗಿದೆ ಅಂತ ನನಗೇ ಮರೆತುಹೋಗಿದೆ."

"ನಿಜವಾಗ್ಲೂ? ನಿನಗೊಬ್ಬಳಿಗೇ?"

"ನಮಗಿಬ್ಬರಿಗೆ."

ಅವನು ತೆಗೆದ. ಅವಳು ನಗುತ್ತಿದ್ದಳು.

*

ಜನವರಿಯ ಒಂದು ಬೆಳಿಗ್ಗೆ ಅವಳು ಟ್ರಾಮ್ ನಿಲ್ದಾಣಕ್ಕೆ ಬಂದಾಗ, ಅವಳೇ ಅಲ್ಲಿ ಅವಳಿಗಾಗಿ ಕಾದಿದ್ದಳು!

ಆಳೆತ್ತರದ ಪೋಸ್ಟರ್. ಗ್ರಾಸಾದ ಕಟ್ಟೆ. ಕೆಂಪು ಸ್ಕಾರ್ಫು. ನಗುವ ಮುಖ. ‘ಈ ಚಳಿಗಾಲ ಲಿಸ್ಬನ್ ನಿಮಗಾಗಿ ನಗುತ್ತಿದೆ!’ ಅದರ ಕೆಳಗೆ ಅವಳ ಕಂಪನಿಯ ಹೆಸರು.

ಅವಳು ತಲೆ ತಗ್ಗಿಸಿ ಟ್ರಾಮ್ ಹತ್ತಿದಳು.

ಮುಂದಿನ ನಿಲ್ದಾಣದಲ್ಲೂ ಅವಳೇ. ಮೆಟ್ರೋ ಮೆಟ್ಟಿಲಲ್ಲೂ ಅವಳೇ. ದೇಶದ ರೈಲು ನಿಲ್ದಾಣಗಳಲ್ಲೆಲ್ಲಾ ಅಂಟಿಸಿದ್ದಾರೆಂದು ಟ್ರಾಮಿನಲ್ಲಿ ಯಾರೋ ಅವಳನ್ನು ಗುರುತು ಹಿಡಿದು ಅಭಿನಂದಿಸಿದರು.

ದೇಶದ ರೈಲು ನಿಲ್ದಾಣಗಳಲ್ಲೆಲ್ಲಾ... ಅಂದರೆ ಗ್ವಾರ್ದಾದಲ್ಲೂ.

ದುವಾರ್ತೆ ಅವಳನ್ನು ಹುಡುಕಿಕೊಂಡು ಓಡಿ ಬಂದಾಗ ಅವನ ಮುಖ ಬಿಳಿಚಿತ್ತು.

"ಸಿದಾಲಿಯಾ, ಕೇಳು..."

"ಆ ಫೋಟೋ ನೀನು ತೆಗೆದದ್ದೇ ತಾನೆ?"

"ಹೌದು, ಆದ್ರೆ..."

"ನಮ್ಮಿಬ್ಬರಿಗೆ ಮಾತ್ರ ಅಂದಿದ್ದೆ ತಾನೆ?"

"ಹೌದು. ನನ್ನ ತಪ್ಪೇ. ಆ ಕ್ಯಾಮೆರಾ..."

"ಸಾಕು! ಅವನು ನನ್ನ ಕೈ ಮುರಿದ. ನೀನು ಅವನಿಗೆ ನನ್ನ ವಿಳಾಸ ಕೊಟ್ಟೆ. ಇನ್ನು ನನ್ನ ಹತ್ತಿರ ಬರಬೇಡ."

ಅವಳು ತಿರುಗಿ ನೋಡದೆ ಹೋದಳು.

ಆ ರಾತ್ರಿ ಬಟ್ಟೆ ಕಟ್ಟಿದಳು. ಮತ್ತೆ ಬಿಚ್ಚಿದಳು. ‘ಎಲ್ಲಿಗೆ ಹೋಗ್ಲಿ? ಇನ್ನೆಷ್ಟು ಊರು ಬದಲಾಯಿಸ್ಲಿ?’ ಮರುದಿನ ಪೊಲೀಸ್ ಠಾಣೆಗೆ ಹೋಗಿ ಹೇಳಿದಳು. ಅರ್ಮಾಂದು ಕಂಡ ತಕ್ಷಣ ಫೋನ್ ಮಾಡಿ ಎಂದರು. ದೋನಾ ಜಿಲ್ದಾ ಆ ನಂಬರನ್ನು ಟಿಕೆಟ್ ಕಿಟಕಿಯ ಗಾಜಿಗೇ ಅಂಟಿಸಿಕೊಂಡಳು.

ಕೆಲವು ದಿನ ಏನೂ ಆಗಲಿಲ್ಲ.

ಆಮೇಲೆ ಅವಳ ಮನೆಯ ಹತ್ತಿರದ ನಿಲ್ದಾಣದಲ್ಲಿ ಅವಳು ಅದನ್ನು ಕಂಡಳು.

ಪೋಸ್ಟರ್ ಅಲ್ಲೇ ಇತ್ತು. ಸ್ಕಾರ್ಫು ಇತ್ತು, ಕೂದಲಿತ್ತು, ಪೊಟ್ಟಣ ಹಿಡಿದ ಕೈಗಳಿದ್ದವು. ಮುಖ ಮಾತ್ರ ಇರಲಿಲ್ಲ! ಯಾರೋ ಹರಿತವಾದ ಬ್ಲೇಡಿನಿಂದ, ಹಣೆಯಿಂದ ಗಲ್ಲದವರೆಗೆ ನೀಟಾಗಿ ಕತ್ತರಿಸಿ ಒಯ್ದಿದ್ದರು. ಆ ತೂತಿನೊಳಗೆ ತುಕ್ಕು ಹಿಡಿದ ತಗಡು ಕಾಣುತ್ತಿತ್ತು.

‘ಬಂದಿದ್ದಾನೆ...’

ಮರುದಿನ ಇನ್ನೊಂದು. ಕೋಟೆಯ ದಾರಿಯಲ್ಲಿ ಮತ್ತೊಂದು. ಅವಳು ನಡೆಯುವ ಬೀದಿಗಳಲ್ಲೇ, ಒಂದೊಂದಾಗಿ, ಅವಳ ಮುಖ ಕಾಣೆಯಾಗುತ್ತಾ ಬಂತು.

"ಪೋಲಿ ಹುಡುಗರ ಕೆಲಸ ಇರಬೇಕು" ಅಂದರು ಪೊಲೀಸರು.

ಅವಳಿಗೆ ಗೊತ್ತಿತ್ತು. ಇಷ್ಟು ಜೋಪಾನವಾಗಿ, ಇಷ್ಟು ಸಮಾಧಾನವಾಗಿ ಕೆಡಿಸುವ ಕೈ ಒಂದೇ ಒಂದು.

*

ಆ ಬೆಳಿಗ್ಗೆ ನದಿಯಿಂದೆದ್ದ ಮಂಜು ಊರನ್ನೆಲ್ಲಾ ನುಂಗಿತ್ತು. ಕಾರ್ಮು ಚೌಕದ ಕಡೆ ಹತ್ತುವ ಬೀದಿಯಲ್ಲಿ ಎದುರಿನವರ ಮುಖವೂ ಕಾಣುತ್ತಿರಲಿಲ್ಲ. ಪ್ರವಾಸಿಗರ ಗುಂಪು ಇಗರ್ಜಿಯ ಬಾಗಿಲಲ್ಲಿ ಕಾಯುತ್ತಿರುತ್ತದೆಂದು ಅವಳು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು.

ಸರ್ರ್... ಸರ್ರ್...

ಕಾಗದ ಕೊಯ್ಯುವ ಸದ್ದು.

ಅವಳು ನಿಂತುಬಿಟ್ಟಳು. ಮಂಜಿನಲ್ಲಿ ಪೋಸ್ಟರಿನೆದುರು, ಅವಳಿಗೆ ಬೆನ್ನು ಮಾಡಿ ಯಾರೋ ನಿಂತಿದ್ದರು. ಕೈಯಲ್ಲಿ ಬ್ಲೇಡು. ಅವಳ ಕಾಗದದ ಕೆನ್ನೆಯ ಸುತ್ತ ಅದು ಮೆಲ್ಲನೆ ಸುತ್ತುತ್ತಿತ್ತು. ಹೆಗಲ ಚೀಲ ಬಾಯಿ ತೆರೆದಿತ್ತು. ಅದರ ತುಂಬಾ ಮುಖಗಳು... ಅವಳವೇ ಮುಖಗಳು, ನಗುತ್ತಿರುವ ಮುಖಗಳು!

ಆ ಮನುಷ್ಯ ತಿರುಗಿದ.

ಅರ್ಮಾಂದು ಅಲ್ಲ. ದುವಾರ್ತೆ!

"ಸಿದಾಲಿಯಾ! ನಿಲ್ಲು, ಇದು ನೀನು ತಿಳ್ಕೊಂಡ ಹಾಗಲ್ಲ!"

ಅವಳು ಓಡಿದಳು. ‘ಇವನೂನಾ? ದೇವರೇ, ಇವನೂನಾ?’ ಹಿಂದೆ ಹೆಜ್ಜೆಗಳ ಸದ್ದು. ಯಾರಿಗೋ ಡಿಕ್ಕಿ ಹೊಡೆದು, ಎಡವಿ, ಎದ್ದು, ಇಗರ್ಜಿಯ ಬಾಗಿಲಿಗೆ ಬಂದು ಬಿದ್ದಳು.

ಗುಂಪು ಅಲ್ಲೇ ಇತ್ತು. ನೀಲಿ ಮಳೆಕೋಟು ತೊಟ್ಟ ವಯಸ್ಸಾದ ಜರ್ಮನ್ನರು. ಅವರ ಬೆಚ್ಚಗಿನ ಮುಖಗಳನ್ನು ನೋಡಿ ಅವಳಿಗೆ ಅಳು ಬಂದುಬಿಡುವುದರಲ್ಲಿತ್ತು.

"ಬನ್ನಿ, ಬನ್ನಿ, ಎಲ್ಲರೂ ಒಳಗೆ ಬನ್ನಿ" ಎಂದು ಇಂಗ್ಲಿಷಿನಲ್ಲಿ ಕರೆದು ಒಳಗೆ ನಡೆದಳು. ಇಲ್ಲಿ ಸುರಕ್ಷಿತ. ಜನರ ನಡುವೆ ಸುರಕ್ಷಿತ.

ಭೂಕಂಪದ ಕಥೆ ಶುರುಮಾಡಿದಳು. ಹಬ್ಬದ ದಿನ, ತುಂಬಿದ ಇಗರ್ಜಿಗಳು, ಬೆಳಗಿನ ಪೂಜೆಯ ಹೊತ್ತಿಗೆ ನಡುಗಿದ ನೆಲ. ಬಾಯಿ ತಾನಾಗಿ ಹೇಳುತ್ತಾ ಹೋಯಿತು.

"ಒಂದು ಪ್ರಶ್ನೆ ಕೇಳ್ಬಹುದಾ ಮೇಡಂ?"

ಪೋರ್ಚುಗೀಸ್. ಮೆತ್ತನೆಯ ದನಿ.

ಅವಳು ತಲೆ ಎತ್ತಿ ನೋಡಿದಳು.

ನೀಲಿ ಕೋಟುಗಳ ಹಿಂದೆ, ಬೂದು ಕೋಟಿನಲ್ಲಿ, ಕೈ ಕಟ್ಟಿ ನಿಂತಿದ್ದ ಅರ್ಮಾಂದು. ತುಟಿಯ ಮೇಲೆ ಅದೇ ಸಜ್ಜನಿಕೆಯ ನಗು.

"ಓಡಿ ತಪ್ಪಿಸ್ಕೊಂಡವರು ಏನಾದ್ರು?"

ಎಲ್ಲರೂ ಅವಳತ್ತ ನೋಡಿದರು. ಗುಂಪಿನ ಮುಂದಿದ್ದ ಊರುಗೋಲಿನ ಅಜ್ಜಿ ಹೆಡ್ವಿಗ್ ಕುತೂಹಲದಿಂದ ಕೇಳಿದಳು. "ಅವರೇನಂದ್ರು?"

ಸಿದಾಲಿಯಾ ಅನುವಾದಿಸಿದಳು. ಉತ್ತರವನ್ನೂ ಹೇಳಿದಳು. "ತುಂಬಾ ಜನ ನದಿಯ ಕಡೆ ಓಡಿದ್ರು. ಅಲ್ಲಿ ದೊಡ್ಡ ಅಲೆ ಬಂತು."

"ಅಂದ್ರೆ ಓಡಿಹೋದವರೂ ಉಳೀಲಿಲ್ಲ" ಎಂದ ಅರ್ಮಾಂದು. "ಮನೇಲೇ ಇದ್ದಿದ್ರೆ ಚೆನ್ನಾಗಿತ್ತು. ಅಲ್ವಾ?"

ಅವಳು ಅದನ್ನೂ ಅನುವಾದಿಸಿದಳು. ಯಾರೋ ಅಯ್ಯೋ ಎಂದರು. ಅದು ಬೆದರಿಕೆಯೆಂದು ಯಾರಿಗೂ ತಿಳಿಯಲಿಲ್ಲ.

ಟಿಕೆಟ್ ಕಿಟಕಿ ಇಲ್ಲಿಂದ ಕಾಣುತ್ತಿರಲಿಲ್ಲ. ಹೊರಗೆ ಬೀದಿಯಲ್ಲಿ ಬ್ಲೇಡು ಹಿಡಿದ ದುವಾರ್ತೆ. ಒಳಗೆ ಇವನು. ‘ಎಲ್ಲಿಗೆ ಹೋಗ್ಲಿ ಈಗ?’ ಕಾಲುಗಳು ರೂಢಿಯ ದಾರಿಯಲ್ಲೇ ನಡೆದವು. ಗುಂಪನ್ನು ಕರೆದುಕೊಂಡು ಇಗರ್ಜಿಯ ಹಿಂಬದಿಯ ಮ್ಯೂಸಿಯಂ ಕೋಣೆಗೆ ಹೋದಳು. ಗಾಜಿನ ಪೆಟ್ಟಿಗೆಗಳಲ್ಲಿ ಯಾವುದೋ ದೂರದೇಶದಿಂದ ತಂದಿಟ್ಟ, ಮೊಣಕಾಲು ಎದೆಗೆ ಅವುಚಿ ಕೂತ ಹಳೆಯ ಹೆಣಗಳು, ಚರ್ಮ ಒಣಗಿ, ಬಾಯಿ ತೆರೆದು... ಪ್ರತಿದಿನ ನೋಡುವ ಅವುಗಳನ್ನು ಇವತ್ತು ಅವಳಿಂದ ನೋಡಲಾಗಲಿಲ್ಲ.

ಅರ್ಮಾಂದು ಕೊನೆಗೆ ಒಳಬಂದು ಬಾಗಿಲಿಗೆ ಒರಗಿ ನಿಂತ.

ಎಡಗೈಯ ಗಡಿಯಾರ ಬಿಚ್ಚಿದ. ಜೋಪಾನವಾಗಿ ಜೇಬಿಗೆ ಹಾಕಿಕೊಂಡ.

"ಪ್ರವಾಸ ಮುಗೀತು ಅಂತ ಹೇಳು ಇವರಿಗೆ" ಎಂದ ಮೆಲ್ಲಗೆ. "ತಲೆನೋವು ಅಂತ ಹೇಳು. ಗಲಾಟೆ ಮಾಡ್ದೆ ನನ್ನ ಜೊತೆ ಬಾ. ಕಾರು ಕೆಳಗಿದೆ. ಈ ಸಲ ಬರೀ ಕೈ ಅಲ್ಲ, ಸಿದಾಲಿಯಾ."

ಮತ್ತೆ ಹೆಡ್ವಿಗ್ ಅಜ್ಜಿಯದೇ ದನಿ.

"ಈಗ ಏನಂದ್ರಮ್ಮಾ ಅವರು?"

ಸಿದಾಲಿಯಾ ಬಾಯಿ ತೆರೆದಳು. ‘ತಲೆನೋವು...’ ಎಂಬ ಪದ ನಾಲಿಗೆಯ ತುದಿಯವರೆಗೂ ಬಂತು. ಹಿಂದಿನ ಎಲ್ಲಾ ವರ್ಷಗಳಲ್ಲಿ ಅವಳು ಹೇಳಿದ್ದು ಇಂಥದ್ದೇ. ಮೆಟ್ಟಿಲಿಂದ ಬಿದ್ದೆ. ಬಾಗಿಲು ಬಡಿಯಿತು. ತಲೆನೋವು.

ಅವಳು ಅಜ್ಜಿಯ ಕಣ್ಣುಗಳನ್ನು ನೋಡಿದಳು. ಆಮೇಲೆ ಗೈಡಿನ ದನಿಯಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಅನುವಾದಿಸಿದಳು.

"ಇವರು ಹೇಳ್ತಿದ್ದಾರೆ... ನಾನು ನಿಮಗೆಲ್ಲಾ ಸುಳ್ಳು ಹೇಳಿ ಇವರ ಕಾರು ಹತ್ಬೇಕಂತೆ. ಹಿಂದೆ ಇವರು ನನ್ನ ಕೈ ಮುರಿದಿದ್ರು. ಈ ಸಲ ಬರೀ ಕೈ ಅಲ್ವಂತೆ. ಇವರು ನನ್ನ ಹತ್ತಿರ ಬರಬಾರದು ಅಂತ ಕೋರ್ಟು ಹೇಳಿದೆ. ದಯವಿಟ್ಟು... ನನ್ನನ್ನ ಒಬ್ಬಳೇ ಬಿಟ್ಟು ಹೋಗಬೇಡಿ."

ಅರ್ಮಾಂದುವಿನ ನಗು ಮಾಯವಾಯಿತು. ಅವನಿಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತಿತ್ತು.

"ಸುಳ್ಳು! ಇವಳು ನನ್ನ ಹೆಂಡತಿ. ಇವಳಿಗೆ ತಲೆ ಸರಿಯಿಲ್ಲ!"

"ನನಗೆ ತಲೆ ಸರಿಯಿಲ್ವಂತೆ" ಎಂದು ಅದನ್ನೂ ಅನುವಾದಿಸಿದಳು ಸಿದಾಲಿಯಾ.

ಹೆಡ್ವಿಗ್ ಊರುಗೋಲು ಕುಟ್ಟಿ ಅವರಿಬ್ಬರ ನಡುವೆ ಬಂದು ನಿಂತಳು. "ಇವರಿಗೆ ಹೇಳಮ್ಮಾ, ನಮ್ಮ ಪ್ರವಾಸ ಇನ್ನೂ ಮುಗಿದಿಲ್ಲ ಅಂತ."

ನೀಲಿ ಕೋಟುಗಳು ಒಂದೊಂದಾಗಿ ಅವಳ ಸುತ್ತ ಬಂದು ಸೇರಿದವು. ಒಬ್ಬ ಮುದುಕ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ. ಅರ್ಮಾಂದು ಅವಳತ್ತ ಒಂದು ಹೆಜ್ಜೆ ಇಟ್ಟ. ಗೋಡೆಯಂತೆ ನಿಂತ ಜನರನ್ನು ನೋಡಿದ. ಸರಕ್ಕನೆ ತಿರುಗಿ ಹೊರಬಾಗಿಲಿಗೆ ಓಡಿದ.

ಧಡಾರ್!

ಕೂಗು ಕೇಳಿ ಎದ್ದಿದ್ದ ದೋನಾ ಜಿಲ್ದಾ ಇಗರ್ಜಿಯ ಕಬ್ಬಿಣದ ಗೇಟು ಎಳೆದು ಬೀಗ ಜಡಿದಿದ್ದಳು. ಬೀಗದ ಕೈಯನ್ನು ರವಿಕೆಯೊಳಗೆ ಸೇರಿಸಿ, ಕಿಟಕಿಯ ಹಿಂದೆ ಚಿಲಕ ಹಾಕಿಕೊಂಡು, ಫೋನಿನಲ್ಲಿ ಅರಚುತ್ತಿದ್ದಳು. "ಬೇಗ ಬನ್ರಪ್ಪಾ! ಹುಲೀನ ಬೋನಿಗೆ ಹಾಕಿದ್ದೀನಿ, ನಾನೂ ಬೋನಲ್ಲೇ ಇದ್ದೀನಿ!"

ಪೊಲೀಸರು ಬಂದು ಅವನ ಕೈಗೆ ಬೇಡಿ ಹಾಕಿದಾಗ ಅವನು ತನ್ನ ಜೇಬಿನ ಗಡಿಯಾರ ಒಡೆಯದಂತೆ ನೋಡಿಕೊಳ್ಳಿ ಎಂದು ಕೇಳಿದನಂತೆ.

*

ಪೊಲೀಸರು ಅರ್ಮಾಂದುವನ್ನು ಒಯ್ದ ಮೇಲೆ ದೋನಾ ಜಿಲ್ದಾ ಗೇಟಿಗೆ ಮತ್ತೆ ಬೀಗ ಹಾಕಿದಳು. ಸಿದಾಲಿಯಾ ಗೇಟಿನ ಬಳಿಯ ಕಲ್ಲಿನ ಮೇಲೆ ಕೂತಳು.

"ಸಿದಾಲಿಯಾ..."

ಗೇಟಿನ ಆಚೆ, ಕಬ್ಬಿಣದ ಸರಳುಗಳನ್ನು ಹಿಡಿದು ದುವಾರ್ತೆ ನಿಂತಿದ್ದ. ಅಲುಗಾಡಿಸಿ ಅಲುಗಾಡಿಸಿ ಅಂಗೈ ಸುಲಿದಿತ್ತು. ಕೆನ್ನೆ ತೊಯ್ದಿತ್ತು.

"ನೀನು ಹೆದರ್ತೀಯ ಅಂತ ಹೊರಗೇ ನಿಂತೆ, ಕೂಗು ಕೇಳಿ ಓಡಿ ಬರೋಷ್ಟರಲ್ಲಿ ಗೇಟು ಹಾಕಿತ್ತು. ಒಳಗೆ ಬರೋಕೆ ಆಗ್ಲಿಲ್ಲ. ನಿನ್ನ ದನಿ ಕೇಳಿಸ್ತಿತ್ತು... ಬರೋಕೆ ಆಗ್ಲಿಲ್ಲ."

ಅವಳ ಕಣ್ಣು ಅವನ ಚೀಲದ ಮೇಲಿತ್ತು. "ನನ್ನ ಮುಖಗಳನ್ನ ಯಾಕೆ ಕತ್ತರಿಸಿದೆ?"

"ಯಾರೂ ನಿನ್ನ ಗುರುತು ಹಿಡೀಬಾರದು ಅಂತ!" ಅವನು ಚೀಲವನ್ನು ನೆಲಕ್ಕೆ ಸುರಿದ. "ಆ ಕ್ಯಾಮೆರಾ ಕಂಪನೀದು. ಆವತ್ತಿನ ಚಿತ್ರಗಳ ಜೊತೆ ನಿನ್ನದೂ ಹೋಯ್ತು, ನಾನು ತೆಗೆದಿಡೋದು ಮರೆತೆ. ಅದು ನನ್ನದೇ ತಪ್ಪು. ಪೋಸ್ಟರ್ ತೆಗೆಸಿ ಅಂತ ಯಜಮಾನನ ಕಾಲಿಗೆ ಬಿದ್ದೆ. ಚಳಿಗಾಲ ಮುಗಿಯೋವರೆಗೆ ತೆಗೆಯಲ್ಲ ಅಂದ. ಪೂರ್ತಿ ಹರಿದ್ರೆ ಮರುದಿನ ಹೊಸದು ಅಂಟಿಸ್ತಾರೆ. ಬರೀ ಮುಖ ಕತ್ತರಿಸಿದ್ರೆ ಅವರಿಗೆ ಬೇಗ ಗೊತ್ತಾಗಲ್ಲ. ಅದಕ್ಕೇ..."

"ನನಗೆ ಯಾಕೆ ಹೇಳ್ಲಿಲ್ಲ?"

"ಹತ್ತಿರ ಬರಬೇಡ ಅಂದಿದ್ದೆಯಲ್ಲಾ."

ಅವಳು ಅವನನ್ನು ನೋಡುತ್ತಲೇ ಇದ್ದಳು. ತಿಂಗಳೆಲ್ಲಾ ತನ್ನನ್ನು ಹೆದರಿಸಿ ಕೊಂದದ್ದು ಅವನ ಕೈ. ಆ ಕೈ ತನ್ನನ್ನು ಬಚ್ಚಿಡಲು ಹೆಣಗುತ್ತಿತ್ತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಪೆದ್ದ" ಎಂದಳು ಬಿಕ್ಕುತ್ತಾ. "ನನ್ನ ಪ್ರಾಣವೇ ಹೋಗಿತ್ತು ಗೊತ್ತಾ?"

"ಬೈಯಿ. ಹೊಡಿ ಬೇಕಾದ್ರೆ."

"ಹೊಡೆಯೋ ಮಾತು ಬೇಡ. ಯಾವತ್ತೂ ಬೇಡ."

"ಇಲ್ಲ. ಯಾವತ್ತೂ ಇಲ್ಲ."

ಸರಳುಗಳ ನಡುವೆ ಅವಳು ಕೈ ಚಾಚಿದಳು. ಅವನು ಅದನ್ನು ಹಿಡಿಯಲಿಲ್ಲ. ತನ್ನ ಅಂಗೈಯನ್ನು ಅದರ ಕೆಳಗೆ ಇಟ್ಟ, ಅಷ್ಟೇ. ಬೇಕಾದಾಗ ಅವಳು ಹಿಂದೆಗೆದುಕೊಳ್ಳಲಿ ಎಂಬಂತೆ.

ಅವಳು ಹಿಂದೆಗೆದುಕೊಳ್ಳಲಿಲ್ಲ.

"ಮಗಳೇ, ಗೇಟು ತೆಗೀಲಾ? ಇಲ್ಲಾ ಹೀಗೇ ಇರ್ತೀರಾ?" ದೋನಾ ಜಿಲ್ದಾ ಬೀಗದ ಕೈ ಹುಡುಕುತ್ತಾ ಕೇಳಿದಳು.

*

ಪೋಸ್ಟರುಗಳನ್ನು ಕಂಪನಿಯವರು ತೆಗೆಸಿದ್ದು ಹೆಡ್ವಿಗ್ ಅಜ್ಜಿ ಅವರ ಕಚೇರಿಗೆ ಹೋಗಿ ಹಠ ಹಿಡಿದು ಕೂತ ಮೇಲೆ. ಅರ್ಮಾಂದುವನ್ನು ಜೈಲಿನಲ್ಲಿಟ್ಟಿದ್ದರು. ವಿಚಾರಣೆ ವಸಂತಕ್ಕೆ. ಆ ಭಯ ಪೂರ್ತಿ ಹೋಗಿರಲಿಲ್ಲ. ಬೂದು ಕೋಟು ಕಂಡರೆ ಸಿದಾಲಿಯಾ ಈಗಲೂ ಉಸಿರು ಹಿಡಿಯುತ್ತಿದ್ದಳು.

ರಜೆಯ ದಿನ ಅವಳು ದುವಾರ್ತೆಗೆ ಫೋನ್ ಮಾಡಿದಳು.

"ಇವತ್ತು ನಾನು ಪ್ರವಾಸಿ. ನೀನು ಗೈಡ್. ಒಂದು ಮಾತೂ ಆಡಲ್ಲ ನಾನು."

ಅವನು ಅವಳನ್ನು ಗೋಡೆಗೆ ಕೂರಿಸುವ ಚಿತ್ರದ ಹೆಂಚುಗಳ ಮ್ಯೂಸಿಯಮ್ಮಿಗೆ ಕರೆದೊಯ್ದ. ಕೋಣೆಯ ಉದ್ದಕ್ಕೂ ನೀಲಿ ಹೆಂಚುಗಳಲ್ಲಿ ಬರೆದ ಹಳೆಯ ಲಿಸ್ಬನ್.

"ಇದು ಅರಮನೆ... ಇರಬೇಕು" ಎಂದ ದುವಾರ್ತೆ. "ಇದು ಇನ್ನೊಂದು ಅರಮನೆ."

"ಅದು ಮೀನು ಮಾರುಕಟ್ಟೆ."

"ಮಾತಾಡಲ್ಲ ಅಂದೆ! ಇನ್ನು ಇದು ನನ್ನ ಮನೆ. ಕಿಟಕೀಲಿ ಬಟ್ಟೆ ಒಣಗಿಸಿದೆ ನೋಡು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ತಾನಾಗಿ ನಿಂತಿತು.

"ದುವಾರ್ತೆ, ಒಂದು ದಿನ ಅವನು ಹೊರಗೆ ಬರ್ತಾನೆ."

"ಗೊತ್ತು."

"ನಿನಗೆ ಭಯ ಆಗಲ್ವಾ?"

"ಆಗುತ್ತೆ. ತುಂಬಾ ಆಗುತ್ತೆ. ಆದ್ರೂ ಇಲ್ಲೇ ಇರ್ತೀನಿ."

ಭಯವಿಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಅವನು ಮತ್ತೆ ಹೆಂಚುಗಳತ್ತ ತಿರುಗಿ, ಯಾವುದೋ ಗೋಪುರಕ್ಕೆ ಯಾವುದೋ ಹೆಸರಿಡುತ್ತಾ ಮುಂದೆ ಹೋದ. ಅವಳು ಅವನ ಬೆನ್ನಿಗೆ ಮೆಲ್ಲಗೆ ಹೇಳಿದಳು.

"ನಾನು ನಿನ್ನನ್ನ ಪ್ರೀತಿಸ್ತೀನಿ."

ಅವನು ನಿಂತ.

"ಏನಂದೆ?"

"ಒಂದೇ ಸಲ ಹೇಳೋದು. ಗಮನ ಇಟ್ಟು ಕೇಳ್ಬೇಕಪ್ಪಾ."

"ನಾನು ದೂರ ಇದ್ದೆ. ಸರಿಯಾಗಿ ಕೇಳಿಸ್ಲಿಲ್ಲ."

"ಹಾಗಾದ್ರೆ ಹತ್ತಿರ ಬಾ" ಅಂದಳು ಸಿದಾಲಿಯಾ.